ಹೆಸರು ಗೊತ್ತಿಲ್ಲದ ಹೋಟೆಲಿಗೆ ಟೆಂಡರ್ ಹಾಕಿದ್ದು

ಶಿರಸಿ ಹತ್ತಿರದ ಹಳ್ಳಿ ನಮ್ಮದು. ಎರಡು ಎಕರೆ ಅಡಿಕೆ ತೋಟ. 2013ರ ಮೇ ತಿಂಗಳಲ್ಲಿ ನಾನು, ಹೆಂಡತಿ, ಕಾಲೇಜು ಓದುತ್ತಿದ್ದ ಮಗಳು ಅಮೆರಿಕಕ್ಕೆ ಹೋಗಿ ಬಂದೆವು. ತಮ್ಮನ ಮಗ ನ್ಯೂಜೆರ್ಸಿಯಲ್ಲಿದ್ದ. ಅವನ ಮನೆಯಲ್ಲಿ ಉಳಿದ ದಿನಗಳಿಗೆ ಖರ್ಚಿಲ್ಲ. ಊರು ನೋಡಲು ಹೋಗುವ ಏಳು ರಾತ್ರಿಗೆ ಮಾತ್ರ ರೂಮು ಬೇಕಿತ್ತು. ಅದಕ್ಕೆ ಅಂತ ಎತ್ತಿಟ್ಟಿದ್ದು 40 ಸಾವಿರ ರೂಪಾಯಿ. ಅದಕ್ಕಿಂತ ಜಾಸ್ತಿ ಹಾಕುವ ಹಾಗೇ ಇರಲಿಲ್ಲ. ಆಗ ಡಾಲರಿಗೆ 54 ರೂಪಾಯಿ ಆಸುಪಾಸು. ಚಿಕಾಗೋದ ಒಂದು ಒಳ್ಳೇ ಹೋಟೆಲಿನಲ್ಲಿ ಒಂದು ರಾತ್ರಿಗೆ 159 ಡಾಲರ್ ಅಂತ ನೋಡಿ ಮಗಳು ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದಳು.

ಆ ದುಡ್ಡಿನಲ್ಲೇ ನಾವು ತಿರುಗಾಡಿ ಬಂದದ್ದು ಪ್ರೈಸ್‌ಲೈನ್ ಅನ್ನುವ ಆನ್‌ಲೈನ್ ಬುಕಿಂಗ್ ಕಂಪನಿಯ ಬಿಡ್ಡಿಂಗ್‌ನಿಂದ, ಅಂದರೆ ರೂಮಿನ ದರ ನಾವೇ ಬರೆದು ಕೇಳುವ ಪದ್ಧತಿಯಿಂದ. ಅದು ಈಗ ನಿಂತುಹೋಗಿದೆ. ನಮ್ಮೂರಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಈಗ ಬಹಳ. ಹೊರಡುವ ಮೊದಲು ಯಾರಾದರೊಬ್ಬರು ಬಂದು ರೂಮಿನ ವಿಷಯ ಕೇಳುತ್ತಾರೆ. ಅದಕ್ಕೇ ನಮ್ಮ ಅನುಭವವನ್ನು ಲೆಕ್ಕದ ಸಮೇತ ಬರೆದಿಡುತ್ತಿದ್ದೇನೆ.

ಈ ಬಿಡ್ಡಿಂಗ್ ಹೇಗೆ ಅಂತ ಶಿರಸಿಯವರಿಗೆ ಹೇಳುವುದು ಸುಲಭ. ನಮ್ಮ ಅಡಿಕೆ ಟೆಂಡರ್ ನೋಡಿದ್ದೀರಲ್ಲ? ಸೊಸೈಟಿ ವಖಾರಿಯಲ್ಲಿ ನಮ್ಮ ಅಡಿಕೆ ರಾಶಿ ಹಾಕಿ ನಂಬರ್ ಕೊಡುತ್ತಾರೆ. ವ್ಯಾಪಾರಿಗಳು ಬಂದು ಅಡಿಕೆ ಒಡೆದು ನೋಡಿ, ತಮ್ಮ ದರ ಬರೆದು ಕೊಡುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಟೆಂಡರ್ ಒಡೆದ ಮೇಲೆ ಆ ದರ ನಮಗೆ ಒಪ್ಪಿಗೆಯಾದರೆ ಕೊಡುತ್ತೇವೆ, ಇಲ್ಲದಿದ್ದರೆ ಇಲ್ಲ. ಪ್ರೈಸ್‌ಲೈನ್‌ನಲ್ಲೂ ಹಾಗೇ ಇತ್ತು. ಅಲ್ಲಿ ದರ ಬರೆಯುವ ವ್ಯಾಪಾರಿ ನಾವು. ಒಪ್ಪುವುದು ಬಿಡುವುದು ಹೋಟೆಲಿನವರದ್ದು. ಒಂದೇ ವ್ಯತ್ಯಾಸ ಅಂದರೆ, ನಾವು ಅಡಿಕೆ ಒಡೆದು ನೋಡುವ ಹಾಗಿರಲಿಲ್ಲ. ಚೀಲದ ಬಾಯಿ ಕಟ್ಟಿರುತ್ತಿತ್ತು.

ಊರಿನ ನಕ್ಷೆಯಲ್ಲಿ ಏರಿಯಾಗಳನ್ನು ಭಾಗ ಮಾಡಿ ತೋರಿಸುತ್ತಿದ್ದರು. ಯಾವ ಏರಿಯಾ, ಎಷ್ಟು ಸ್ಟಾರ್, ಯಾವ ದಿನ, ಒಂದು ರಾತ್ರಿಗೆ ಎಷ್ಟು ಕೊಡುತ್ತೀರಿ, ಇಷ್ಟು ಹೇಳಬೇಕಿತ್ತು. ಕಾರ್ಡ್ ನಂಬರನ್ನೂ ಮೊದಲೇ ಕೊಡಬೇಕಿತ್ತು. ನಮ್ಮ ದರಕ್ಕೆ ಯಾವುದಾದರೂ ಹೋಟೆಲ್ ಒಪ್ಪಿದರೆ ಆ ಕ್ಷಣಕ್ಕೆ ದುಡ್ಡು ಕಡಿತ. ಹೋಟೆಲಿನ ಹೆಸರು ಕಾಣುತ್ತಿದ್ದದ್ದು ಆಮೇಲೆ. ರದ್ದು ಮಾಡುವ ಹಾಗಿರಲಿಲ್ಲ, ದುಡ್ಡು ವಾಪಸ್ ಬರುತ್ತಿರಲಿಲ್ಲ. ಯಾರೂ ಒಪ್ಪದಿದ್ದರೆ ಅದೇ ಬೇಡಿಕೆಯನ್ನು ಮತ್ತೆ ಹಾಕಲು 24 ಗಂಟೆ ಕಾಯಬೇಕಿತ್ತು. ಕಾಯದೇ ಹಾಕಬೇಕೆಂದರೆ ಏನಾದರೊಂದು ಬದಲಾಯಿಸಬೇಕಿತ್ತು. ಏರಿಯಾ ಸೇರಿಸಬೇಕು, ಇಲ್ಲವೇ ಸ್ಟಾರ್ ಇಳಿಸಬೇಕು, ಇಲ್ಲವೇ ದಿನ ಬದಲಿಸಬೇಕಿತ್ತು.

ಹೋಟೆಲಿನವರು ಯಾಕೆ ಒಪ್ಪುತ್ತಾರೆ ಅಂತ ನನಗೂ ಮೊದಲು ಅನುಮಾನವಿತ್ತು. ಯೋಚಿಸಿದರೆ ಸರಳ. ಅಡಿಕೆಯನ್ನು ದರ ಬರುವ ತನಕ ಅಟ್ಟದಲ್ಲಿಟ್ಟು ಕಾಯಬಹುದು. ರೂಮನ್ನು ಹಾಗೆ ಇಡಲು ಬರುವುದಿಲ್ಲ. ಇವತ್ತು ರಾತ್ರಿ ಖಾಲಿ ಹೋದ ರೂಮಿನ ದುಡ್ಡು ನಾಳೆ ಬರುವುದಿಲ್ಲ. ಹಾಗಂತ ಎಲ್ಲರಿಗೂ ಕಾಣುವ ಹಾಗೆ ದರ ಇಳಿಸಿದರೆ ಪೂರ್ತಿ ದುಡ್ಡು ಕೊಟ್ಟವರು ಸುಮ್ಮನಿರುತ್ತಾರಾ? ಅದಕ್ಕೇ ಹೆಸರು ಮುಚ್ಚಿಟ್ಟು ಮಾರುತ್ತಾರೆ. ಯಾವ ಹೋಟೆಲಾದರೂ ಸೈ ಅನ್ನುವ ನಮ್ಮಂಥವರಿಗೆ ಅದು ಸಿಗುತ್ತದೆ.

ಚಿಕಾಗೋ ರೂಮು ಹಿಡಿದ ರಾತ್ರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಏಪ್ರಿಲ್ ತಿಂಗಳು. ರಾತ್ರಿ ಒಂಬತ್ತೂವರೆ, ತಮ್ಮನ ಮಗನಿಗೆ ಅಲ್ಲಿ ಮಧ್ಯಾಹ್ನ ಹನ್ನೆರಡು. ಊಟದ ಬಿಡುವಿನಲ್ಲಿ ಸ್ಕೈಪ್‌ಗೆ ಬಂದಿದ್ದ. ಕಾರ್ಡು ಅವನದ್ದೇ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಒಂದು ಬಲ್ಬು, ಲ್ಯಾಪ್‌ಟಾಪು, ಬಿಎಸ್‌ಎನ್‌ಎಲ್‌ನ ಮೋಡೆಮ್ಮು ನಡೆಯುತ್ತಿತ್ತು. ನಾಲ್ಕು ಸ್ಟಾರ್, ಊರ ನಡುವಿನ ಏರಿಯಾ, ಎರಡು ರಾತ್ರಿ. ನಾನು 60 ಅಂದೆ. ನನ್ನ ಹೆಂಡತಿ ಹಿಂದೆ ನಿಂತು, "ಹೆಸ್ರೇ ಗೊತ್ತಿಲ್ದೆ ದುಡ್ಡು ಕೊಡದಾ?" ಅಂದಳು. ಅವಳ ಮಾತು ನ್ಯಾಯದ್ದೇ ಆಗಿತ್ತು. ಆದರೆ 159 ಕೊಡುವ ಶಕ್ತಿ ನಮಗಿರಲಿಲ್ಲ.

60ಕ್ಕೆ ಯಾರೂ ಒಪ್ಪಲಿಲ್ಲ.

ಇಲ್ಲಿ ತಮ್ಮನ ಮಗ ಒಂದು ಉಪಾಯ ಹೇಳಿಕೊಟ್ಟ. ಮತ್ತೆ ಹಾಕಲು ಏರಿಯಾ ಸೇರಿಸಬೇಕು ಅಲ್ವಾ? ನಾಲ್ಕು ಸ್ಟಾರ್ ಹೋಟೆಲೇ ಇಲ್ಲದ ಏರಿಯಾವನ್ನು ಹುಡುಕಿ ಸೇರಿಸಿದರೆ, ದೂರದ ಹೋಟೆಲ್ ಸಿಕ್ಕಿಬಿಡುವ ಭಯ ಇಲ್ಲ. ದರ ಏರಿಸಲು ಇನ್ನೊಂದು ಅವಕಾಶವೂ ಸಿಗುತ್ತದೆ. ಎಲ್ಲಿ ಎಷ್ಟು ಸ್ಟಾರ್ ಹೋಟೆಲಿದೆ ಅನ್ನುವುದು ಮಾಮೂಲಿ ಬುಕಿಂಗ್ ಪಟ್ಟಿಯಲ್ಲೇ ಕಾಣುತ್ತದೆ. ಮಗಳು ಎರಡು ದಿನ ಕೂತು ನೋಟ್‌ಬುಕ್ಕಿನಲ್ಲಿ ಅದನ್ನೆಲ್ಲ ಬರೆದಿಟ್ಟಿದ್ದಳು. ಒಂದು ಏರಿಯಾ ಸೇರಿಸಿ 68 ಹಾಕಿದೆವು, ಆಗಲಿಲ್ಲ. ಇನ್ನೊಂದು ಸೇರಿಸಿ 75. ಅದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಇನ್ನು ಒಂದೇ ಏರಿಯಾ ಉಳಿದಿತ್ತು. ನಾನು 80 ಅಂದೆ. "ದೊಡ್ಡಪ್ಪ, ಒತ್ಲಾ?" ಅಂತ ಅವನು ಕೇಳಿದ. ಒತ್ತು ಅಂದೆ. ಕಾಯುವ ಹೊತ್ತಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ರಾಶಿಯ ನಂಬರ್ ಕೂಗುವಾಗ ಹೇಗೆ ಎದೆ ಹೊಡೆದುಕೊಳ್ಳುತ್ತದೋ ಹಾಗೇ ಆಗುತ್ತಿತ್ತು. ಆಮೇಲೆ ಅವನು ಹೋಟೆಲಿನ ಹೆಸರು ಓದಿದ. ಮಗಳು ಹುಡುಕಿ ನೋಡಿ ಕಿರುಚಿದಳು. ಅವಳು ಮೊದಲ ದಿನ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದಳಲ್ಲ, ಅದೇ 159 ಡಾಲರಿನ ಹೋಟೆಲು.

ತೆರಿಗೆ, ಅವರ ಶುಲ್ಕ ಸೇರಿ ರಾತ್ರಿಗೆ 100 ಡಾಲರ್ ಬಿತ್ತು. ಇದು ನೆನಪಿರಲಿ. ನಾವು ಬರೆಯುತ್ತಿದ್ದ ದರದ ಮೇಲೆ ತೆರಿಗೆ ಮತ್ತು ಶುಲ್ಕ ಬೇರೆ ಇತ್ತು. 80 ಅಂತ ಬರೆದು 80ರ ಲೆಕ್ಕದಲ್ಲಿ ಖರ್ಚು ಹಿಡಿದಿದ್ದರೆ ಬಜೆಟ್ ತಪ್ಪುತ್ತಿತ್ತು.

ವಾಷಿಂಗ್ಟನ್ನಿನಲ್ಲಿ ಇನ್ನೊಂದು ಪಾಠ ಸಿಕ್ಕಿತು. ಊರ ನಡುವೆ ಹಾಕದೆ, ಪೊಟೊಮ್ಯಾಕ್ ನದಿ ಆಚೆ ವರ್ಜೀನಿಯಾದ ಕ್ರಿಸ್ಟಲ್ ಸಿಟಿಯಲ್ಲಿ ಹಾಕಿದೆವು. ಅಲ್ಲೆಲ್ಲ ಆಫೀಸುಗಳು. ಕೆಲಸದ ಮೇಲೆ ಬರುವವರು ಶುಕ್ರವಾರ ಹೊರಟು ಹೋಗುತ್ತಾರೆ, ಶನಿವಾರ ಭಾನುವಾರ ಹೋಟೆಲ್ ಖಾಲಿ. 62 ಡಾಲರಿಗೆ ಸಿಕ್ಕಿತು, ಎಲ್ಲ ಸೇರಿ 75. ಕೆಳಗೇ ಮೆಟ್ರೋ ಸ್ಟೇಷನ್. ಶನಿವಾರ ಭಾನುವಾರವೇ ಜನ ತುಂಬುವ ನಮ್ಮ ಗೋಕರ್ಣದ ಲೆಕ್ಕಕ್ಕೆ ಇದು ಪೂರ್ತಿ ತಿರುಗಾಮುರುಗಾ. ಯಾವ ಊರಿಗೆ ಯಾರು ಬರುತ್ತಾರೆ, ಅವರು ಯಾವಾಗ ಮನೆಗೆ ಹೋಗುತ್ತಾರೆ ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಹಾಗೇ ಜಾತ್ರೆ ಇರುವಾಗ ಬಿಡ್ ಹಾಕಿ ಉಪಯೋಗ ಇರಲಿಲ್ಲ. ಮಾರಿಕಾಂಬಾ ಜಾತ್ರೆಯ ವಾರ ಶಿರಸಿಯಲ್ಲಿ ಯಾರಾದರೂ ರೂಮಿನ ದರ ಇಳಿಸುತ್ತಾರಾ? ಚಿಕಾಗೋದಲ್ಲಿ ಮೆಕಾರ್ಮಿಕ್ ಪ್ಲೇಸ್ ಅನ್ನುವ ದೊಡ್ಡ ಸಭಾಂಗಣವಿದೆ. ಅಲ್ಲಿ ದೊಡ್ಡ ಸಮ್ಮೇಳನ ಇದ್ದ ದಿನ ಆ ಊರಿಗೂ ಜಾತ್ರೆಯೇ.

ಚಿಕಾಗೋ ರೂಮು ಹತ್ತೊಂಬತ್ತನೇ ಮಹಡಿ. ಕಿಟಕಿಯಿಂದ ನದಿ, ಸೇತುವೆ ಕಾಣುತ್ತಿತ್ತು. ಬೆಳಿಗ್ಗೆ ಹೆಂಡತಿ ಕಾಫಿ ಮಷಿನ್ನಿನ ಬಿಸಿನೀರಲ್ಲಿ ಗಟ್ಟಿ ಅವಲಕ್ಕಿ ನೆನೆಸಿ, ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಕಲಸಿ ಕೊಟ್ಟಳು. ಮೂವರೂ ಕಿಟಕಿ ಪಕ್ಕ ಕೂತು ತಿಂದೆವು. ಅಷ್ಟು ಒಳ್ಳೆಯ ರೂಮಿನಲ್ಲಿ ನಾವು ಅದಕ್ಕೂ ಮೊದಲು ಉಳಿದಿರಲಿಲ್ಲ.

ಎಲ್ಲ ಕಡೆ ಹೀಗೇ ಆಯಿತು ಅಂತ ಹೇಳಲಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂರು ಸ್ಟಾರ್ ಅಂತ 85ಕ್ಕೆ ಹಿಡಿದೆವು, ಎಲ್ಲ ಸೇರಿ 105. ಜಾಗ ಚೆನ್ನಾಗಿತ್ತು. ರೂಮು ಮಾತ್ರ ತೀರಾ ಸಣ್ಣದು, ಒಂದೇ ಮಂಚ. ನಾವು ಮೂರು ಜನ. ಬಿಡ್ಡಿಂಗ್‌ನಲ್ಲಿ ಇಬ್ಬರು ಮಲಗುವ ರೂಮು ಅಂತಷ್ಟೇ ಖಾತ್ರಿ ಇತ್ತು, ಮಂಚ ಎಷ್ಟು ಅಂತ ಹೇಳಲು ಬರುತ್ತಿರಲಿಲ್ಲ. ಇದು ಮೊದಲೇ ಬರೆದಿತ್ತು, ನಾವೂ ಓದಿದ್ದೆವು. ಆ ಹೋಟೆಲಿನ ಕೌಂಟರಿನಲ್ಲಿದ್ದವರು ಮಡಚುವ ಮಂಚಕ್ಕೆ ರಾತ್ರಿಗೆ 25 ಡಾಲರ್ ಅಂದರು. ಎರಡು ರಾತ್ರಿಗೆ 50. ಹತ್ತೊಂಬತ್ತು ವರ್ಷದ ಮಗಳನ್ನು ನೆಲದ ಮೇಲೆ ಮಲಗಿಸಲು ಮನಸ್ಸು ಬರಲಿಲ್ಲ, ಕೊಟ್ಟೆವು. ಮೂರನೆಯವರು ಇದ್ದರೆ ಈ ಥರದ ಬುಕಿಂಗ್ ಬೇಡ, ಅಥವಾ ಆ ಮಂಚದ ದುಡ್ಡನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಕಾರು ಇದ್ದರೆ ಪಾರ್ಕಿಂಗ್ ದುಡ್ಡನ್ನೂ ವಿಚಾರಿಸಿ. ದೊಡ್ಡ ಊರುಗಳ ನಡುವಿನ ಹೋಟೆಲುಗಳಲ್ಲಿ ಅದು ಬೇರೆಯೇ ಕೊಡಬೇಕು.

ಇನ್ನು ನಯಾಗರ. ಆ ಜಲಪಾತದ ಹತ್ತಿರದ ಬಫಲೋ ಅನ್ನುವ ಊರಿನಲ್ಲಿ ಒಂದು ರಾತ್ರಿಗೆ 45ಕ್ಕೆ ಹಿಡಿದಿದ್ದೆವು, ಎಲ್ಲ ಸೇರಿ 56 ಡಾಲರ್. ತಮ್ಮನ ಮಗ ತನ್ನ ಕಾರಿನಲ್ಲಿ ಬಿಟ್ಟು ಬರುತ್ತೇನೆ ಅಂದಿದ್ದ. ಹೊರಡುವ ಹಿಂದಿನ ರಾತ್ರಿ ಅವನ ಮಗುವಿಗೆ ಜೋರು ಜ್ವರ ಬಂತು. ಬೆಳಗಿನ ಜಾವ ಆಸ್ಪತ್ರೆಗೆ ಓಡಿದೆವು. ಅಂಥ ಹೊತ್ತಿನಲ್ಲಿ ನಯಾಗರ ಯಾರಿಗೆ ಬೇಕು? ಮಗು ಎರಡು ದಿನದಲ್ಲಿ ಹುಷಾರಾಯಿತು, ದೊಡ್ಡ ಸಮಾಧಾನ. ಆದರೆ ಆ 56 ಡಾಲರ್ ಹೋಯಿತು. ದಿನ ಮುಂದಕ್ಕೆ ಹಾಕಲೂ ಬರುತ್ತಿರಲಿಲ್ಲ. ಮತ್ತೆ ಹೋಗೋಣ ಅಂದರೆ ಮುಂದಿನ ಊರುಗಳ ರೂಮುಗಳಿಗೂ ದುಡ್ಡು ಕಟ್ಟಿಯಾಗಿತ್ತು, ಅವನ್ನೂ ಸರಿಸುವ ಹಾಗಿರಲಿಲ್ಲ. ಒಂದು ಕಟ್ಟು ಬಿಚ್ಚಿದರೆ ಎಲ್ಲವೂ ಬಿಚ್ಚುತ್ತಿತ್ತು. ಜೋಗ ನೋಡಿಕೊಂಡು ಬೆಳೆದವರು ನಾವು. ಪ್ರತಿ ಮಳೆಗಾಲಕ್ಕೂ ಸಿದ್ದಾಪುರದ ಮೇಲೆ ಹೋಗಿ ನೋಡಿ ಬರುತ್ತೇವೆ. ಅಷ್ಟು ದೂರ ಹೋಗಿಯೂ ನಯಾಗರ ನೋಡದೆ ಬಂದದ್ದು ಹೆಂಡತಿಗೆ ಇವತ್ತಿಗೂ ಕೊರಗು.

ಲೆಕ್ಕ ಹೇಳುತ್ತೇನೆ. ವಾಷಿಂಗ್ಟನ್ ಎರಡು ರಾತ್ರಿ 150, ಬಫಲೋ 56, ಚಿಕಾಗೋ 200, ಸ್ಯಾನ್ ಫ್ರಾನ್ಸಿಸ್ಕೋ 210, ಮಂಚಕ್ಕೆ 50. ಒಟ್ಟು 666 ಡಾಲರ್. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 36 ಸಾವಿರ. ಕಳೆದುಕೊಂಡದ್ದೂ ಸೇರಿ 40ರ ಒಳಗೇ ಮುಗಿಯಿತು. ಬಿಡ್ಡಿಂಗ್ ಇಲ್ಲದಿದ್ದರೆ ನಾವು ನ್ಯೂಜೆರ್ಸಿ ಬಿಟ್ಟು ಆಚೆ ಹೋಗುತ್ತಿರಲಿಲ್ಲ. ಅದಕ್ಕೆ ನಾನು ಆ ಸೇವೆಗೆ ಋಣಿ.

ದರ ನಾವೇ ಬರೆಯುವ ಆ ಪದ್ಧತಿ ಪ್ರೈಸ್‌ಲೈನ್‌ನಲ್ಲಿ ಈಗ ಇಲ್ಲ. 1998ರಲ್ಲಿ ವಿಮಾನದ ಟಿಕೆಟ್ಟಿನಿಂದ ಶುರು ಮಾಡಿದ್ದರು. 2016ರಲ್ಲಿ ಟಿಕೆಟ್ಟಿಗೆ ನಿಲ್ಲಿಸಿದರು, ಆಮೇಲೆ ಹೋಟೆಲಿಗೂ ನಿಂತಿತು. ಈಗ ಉಳಿದಿರುವುದು ಎಕ್ಸ್‌ಪ್ರೆಸ್ ಡೀಲ್. ದರ, ಸ್ಟಾರ್, ಏರಿಯಾ ತೋರಿಸುತ್ತಾರೆ. ಹೆಸರು ಮಾತ್ರ ದುಡ್ಡು ಕಟ್ಟಿದ ಮೇಲೆ. ಹಾಟ್‌ವೈರ್ ಅನ್ನುವ ಇನ್ನೊಂದು ಬುಕಿಂಗ್ ಕಂಪನಿಯ ಹಾಟ್ ರೇಟ್ ಕೂಡ ಹೀಗೇ. ಏರಿಸಿ ಏರಿಸಿ ಹಾಕುವ ತಾಪತ್ರಯ ಇಲ್ಲ. ಆದರೆ ಇನ್ನೂ ಐದು ಡಾಲರ್ ಕಮ್ಮಿಗೆ ಕೇಳಿ ನೋಡುವ ದಾರಿಯೂ ಇಲ್ಲ.

ನಮ್ಮ ಕರಾವಳಿಯಲ್ಲಿ ಇಂಥದ್ದೆಲ್ಲ ಬೇಡವೇ ಬೇಡ, ಫೋನ್ ಸಾಕು. ಕಳೆದ ಮಳೆಗಾಲದಲ್ಲಿ ಪಿತೃಕಾರ್ಯಕ್ಕೆ ಗೋಕರ್ಣಕ್ಕೆ ಹೋಗಬೇಕಿತ್ತು. ಆರು ಜನ, ಮೂರು ರೂಮು, ಬುಧವಾರ ಒಂದು ರಾತ್ರಿ. ಆ್ಯಪಿನಲ್ಲಿ ರೂಮಿಗೆ 2,400 ತೋರಿಸುತ್ತಿತ್ತು. ಆ ವಸತಿಗೃಹದ ನಂಬರ್ ಹುಡುಕಿ ಫೋನ್ ಮಾಡಿದೆ. "ಅಣ್ಣ, ಬುಧವಾರ ಮೂರು ರೂಮು ಬೇಕಿತ್ತು, 1,700ಕ್ಕೆ ಆಗ್ತದಾ?" ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಬನ್ನಿ, ಮಳೆಗೆ ಜನ ಇಲ್ಲ" ಅಂದರು. ಆ್ಯಪಿನವರಿಗೆ ಹೋಗುವ ಕಮಿಷನ್ ಅವರಿಗೆ ಉಳಿಯಿತು, ನಮಗೆ ದರ ಇಳಿಯಿತು. ಬೆಳಿಗ್ಗೆ ನಾಲ್ಕಕ್ಕೆ ಸ್ನಾನಕ್ಕೆ ಬಿಸಿನೀರು ಬೇಕು, ಒಂದು ರೂಮು ಕೆಳಗಡೆಯೇ ಇರಲಿ, ಅಮ್ಮನಿಗೆ ಮೆಟ್ಟಿಲು ಆಗುವುದಿಲ್ಲ ಅಂತಲೂ ಅದೇ ಫೋನಿನಲ್ಲಿ ಹೇಳಿದೆ. ಹೆಸರು ಮುಚ್ಚಿದ ಬುಕಿಂಗ್‌ನಲ್ಲಿ ಈ ಮಾತು ಹೇಳಲು ಯಾರು ಸಿಗುತ್ತಾರೆ?

ಇದನ್ನು ಶುಕ್ರವಾರದಿಂದ ಭಾನುವಾರದ ತನಕ ಪ್ರಯತ್ನಿಸಬೇಡಿ. ಬೆಂಗಳೂರಿನ ಬಸ್ಸುಗಳು ಬಂದಿಳಿಯುವ ಹೊತ್ತಿಗೆ ಗೋಕರ್ಣದಲ್ಲಿ ಯಾರೂ ದರ ಇಳಿಸುವುದಿಲ್ಲ, ಇಳಿಸಬೇಕಾಗಿಯೂ ಇಲ್ಲ. ಇನ್ನೊಂದು ಮಾತು. ಮನೆಯ ಎರಡು ಕೋಣೆ ಬಾಡಿಗೆಗೆ ಕೊಟ್ಟು ಜೀವನ ಮಾಡುವವರ ಹತ್ತಿರ ನಾನು ದರ ಎಳೆಯುವುದಿಲ್ಲ. ಕಮ್ಮಿ ಟೆಂಡರ್ ಬಿದ್ದ ದಿನ ವಖಾರಿಯಿಂದ ಖಾಲಿ ಚೀಲ ಹಿಡಿದು ಬಸ್ ಹತ್ತುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ಮುನ್ನೂರು ರೂಮಿನ ಹೋಟೆಲಿಗೆ ಒಂದು ರೂಮು ಲೆಕ್ಕಕ್ಕಿಲ್ಲ. ಎರಡು ಕೋಣೆಯವರಿಗೆ ಅದು ತಿಂಗಳ ರೇಷನ್ನು.

ಬರುವ ಮೇ ತಿಂಗಳಲ್ಲಿ ಮತ್ತೆ ಹೊರಟಿದ್ದೇವೆ, ಈ ಸಲ ನಾವಿಬ್ಬರೇ. ಮಗಳು ಬೆಂಗಳೂರಿನಿಂದಲೇ ಎಲ್ಲ ರೂಮು ನೋಡಿದ್ದಾಳೆ. ವಾಷಿಂಗ್ಟನ್, ಚಿಕಾಗೋ ಎರಡೂ ಎಕ್ಸ್‌ಪ್ರೆಸ್ ಡೀಲ್‌ನಲ್ಲೇ ಹಿಡಿಯುತ್ತೇವೆ. ನಯಾಗರದ ರೂಮಿಗೆ ಮಾತ್ರ ಹೆಂಡತಿ ಒಪ್ಪಲಿಲ್ಲ. ಅದಕ್ಕೆ ಹಿಂದಿನ ದಿನದ ತನಕ ರದ್ದು ಮಾಡಬಹುದಾದ ರೂಮನ್ನೇ, ಹೆಸರು ನೋಡಿ, ತೆಗೆದುಕೊಂಡಿದ್ದೇವೆ. 22 ಡಾಲರ್ ಜಾಸ್ತಿ ಆಯಿತು. ಅದರ ಮುಂದಿನ ಎರಡು ದಿನವನ್ನೂ ಖಾಲಿ ಇಟ್ಟುಕೊಂಡಿದ್ದೇವೆ.