ಬೋರ್ ಕಿಟ್ ತರಿಸಿ, ಅದರ ಲಾಕ್ ಮಾತ್ರ ಹಾಕಬೇಡಿ

45 ಸಿಸಿ ಚೈನ್ ಸಾಗೆ ಹೊರಗಿನ ಬೋರ್ ಕಿಟ್, ಅಂದರೆ ಕಂಪನಿಯದ್ದಲ್ಲದ ಸಿಲಿಂಡರ್, ಪಿಸ್ಟನ್, ರಿಂಗ್, ಲಾಕ್ ಸೆಟ್, ಹಾಕಿ ಒಂದೂವರೆ ವರ್ಷ ಆಯಿತು. ಲಾಕ್ ಅಂದರೆ ಪಿಸ್ಟನ್‌ನ ಪಿನ್ ಜಾರದ ಹಾಗೆ ಹಿಡಿಯುವ ಸಣ್ಣ ತಂತಿ. ಎರಡು ಅಡಿಕೆ ಸುಗ್ಗಿ ಕಳೆದಿದೆ. ಈಗ ಬರೆದರೆ ಸರಿ ಅನಿಸಿತು.

ನಮ್ಮದು ತೀರ್ಥಹಳ್ಳಿ ಕಡೆಯ ಸಣ್ಣ ತೋಟ. ಮಳೆಗಾಲದಲ್ಲಿ ದಾರಿಗೆ ಬಿದ್ದ ಮರ ತೆಗೆಯುವುದು, ನವೆಂಬರ್‌ನಿಂದ ಅಡಿಕೆ ಬೇಯಿಸುವ ಒಲೆಗೆ ಅಕೇಶಿಯಾ ತುಂಡು ಮಾಡುವುದು, ಮೆಷಿನ್‌ಗೆ ಇಷ್ಟೇ ಕೆಲಸ. ಹತ್ತು ವರ್ಷ ಚೆನ್ನಾಗಿ ದುಡಿಯಿತು. ಆಮೇಲೆ ಬಿಸಿಯಾದಾಗ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸ್ಟಾರ್ಟರ್ ಹಗ್ಗದ ಹಿಡಿ ಹಿಡಿದು ಮೆಷಿನನ್ನು ನೇತಾಡಿಸಿ ನೋಡಿದೆ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿಯ ಒತ್ತಡ, ಸರಿ ಇದ್ದರೆ ಅದು ತಡೆದು ತಡೆದು ಇಳಿಯಬೇಕು. ಇದು ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿಯಿತು. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟರೆ ಪಿಸ್ಟನ್ ಮೈಮೇಲೆ ಬೆಕ್ಕು ಪರಚಿದ ಥರ ಉದ್ದುದ್ದ ಗೆರೆ.

ಒರಿಜಿನಲ್ ಬೋರ್ ಪಿಸ್ಟನ್‌ಗೆ 8,000 ರೂಪಾಯಿ ಮೇಲಾಗುತ್ತದೆ ಅಂದರು, ಕೂಲಿ ಬೇರೆ. ವರ್ಷಕ್ಕೆ ಮೂರು ತಿಂಗಳು ಓಡುವ ಮೆಷಿನ್‌ಗೆ ಅಷ್ಟು ಹಾಕಲು ಮನಸ್ಸು ಬರಲಿಲ್ಲ. ಆನ್‌ಲೈನ್‌ನಲ್ಲಿ ಇಡೀ ಕಿಟ್ 1,750ಕ್ಕೆ ಸಿಕ್ಕಿತು. ತರಿಸುವ ಮುಂಚೆ ಬೋರ್, ಅಂದರೆ ಸಿಲಿಂಡರ್ ಒಳಗಿನ ಅಗಲ, ಅಳೆದುಕೊಳ್ಳಿ. ಹೊರಗಿನಿಂದ ಒಂದೇ ಥರ ಕಾಣುವ ಬಾಡಿಯಲ್ಲಿ 40 ಮಿ.ಮೀ. ಕೂಡ ಬರುತ್ತದೆ, 42.5 ಕೂಡ ಬರುತ್ತದೆ. ನಮ್ಮದು 42.5.

ಬಿಚ್ಚುವ ಕೆಲಸ ಅಂದುಕೊಂಡಷ್ಟು ಕಷ್ಟ ಇಲ್ಲ. ಪ್ಲಗ್ ತೂತಿನಿಂದ ಅಡಿಕೆ ಕೊನೆ ಇಳಿಸುವ ಹಗ್ಗದ ತುಂಡು ತುರುಕಿದರೆ ಪಿಸ್ಟನ್ ಅಲ್ಲೇ ನಿಲ್ಲುತ್ತದೆ. ಆಗ ಕ್ಲಚ್ ಬಿಚ್ಚಬಹುದು. ಕ್ಲಚ್‌ದು ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಸಡಿಲ ಆಗುತ್ತದೆ. ಸಿಲಿಂಡರ್ ಬುಡದಲ್ಲಿ ಗ್ಯಾಸ್ಕೆಟ್ ಇಲ್ಲ. ಮೇಲಿನ ಸಿಲಿಂಡರ್, ಕೆಳಗಿನ ತಟ್ಟೆ ಎರಡೂ ಸೇರಿ ಕ್ರ್ಯಾಂಕ್ ಹಿಡಿಯುತ್ತವೆ, ನಾಲ್ಕು ಬೋಲ್ಟ್. ನಡುವೆ ಹಚ್ಚುವ ಪೇಸ್ಟ್ ಪೆಟ್ರೋಲ್ ತಡೆಯುವಂಥದ್ದೇ ಆಗಬೇಕು. ಬಾತ್‌ರೂಮ್‌ಗೆ ಹಚ್ಚುವ ಸಿಲಿಕೋನ್ ಸ್ವಲ್ಪ ದಿನಕ್ಕೇ ಮೆತ್ತಗಾಗುತ್ತದೆ.

ಒಂದು ಮಾತು. ಪಿಸ್ಟನ್ ಯಾಕೆ ಹೋಯಿತು ಅಂತ ಗೊತ್ತಾಗದೆ ಹೊಸದು ಹಾಕಬೇಡಿ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರನ್ನು ಬಗ್ಗಿಸಿ ನೋಡಿದಾಗ ಮಡಿಕೆಯೊಳಗೆ ಕೂದಲೆಳೆಯಷ್ಟು ಬಿರುಕು ಕಂಡಿತು. ಅಲ್ಲಿಂದ ಗಾಳಿ ಎಳೆದುಕೊಂಡರೆ ಪೆಟ್ರೋಲ್ ಕಮ್ಮಿ ಹೋಗುತ್ತದೆ, ಆಯಿಲ್ ಕೂಡ ಕಮ್ಮಿ ಆಗುತ್ತದೆ. ಟೂ ಸ್ಟ್ರೋಕ್‌ಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ ಅಲ್ವಾ? ಆ ರಬ್ಬರ್ ಬದಲಿಸಿದೆ.

ಕಿಟ್ ಹಾಕಿದೆ. ಮೊದಲ ಐದು ಟ್ಯಾಂಕ್ ಚೆನ್ನಾಗಿ ಓಡಿತು, ತುಂಬಾ ಖುಷಿಯಾಗಿತ್ತು. ಆರನೆಯದಕ್ಕೆ, ದಿಮ್ಮಿ ಅರ್ಧ ಕೊಯ್ದಿರುವಾಗ, ಟಕ್ ಅಂತ ಸದ್ದಾಗಿ ನಿಂತಿತು. ಬಿಚ್ಚಿದರೆ ಗಜನ್ ಪಿನ್ (ಪಿಸ್ಟನನ್ನು ಕನೆಕ್ಟಿಂಗ್ ರಾಡ್‌ಗೆ ಸೇರಿಸುವ ಪಿನ್) ಲಾಕ್ ಕಚ್ಚಿನಿಂದ ಹೊರಬಿದ್ದು ಪಿಸ್ಟನ್ ಬದಿಯಲ್ಲಿ ಸಿಕ್ಕಿಕೊಂಡಿತ್ತು. ಸಿಲಿಂಡರ್ ಗೋಡೆಯಲ್ಲಿ ಉಗುರು ಇಳಿಯುವಷ್ಟು ಆಳದ ಗೀರು. 1,750 ರೂಪಾಯಿ ಸಾಮಾನನ್ನು ಹಾಳು ಮಾಡಿದ್ದು ಒಂದು ಸಣ್ಣ ತಂತಿ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ.

ಆಮೇಲೆ ಹಳೆ ಪಿಸ್ಟನ್‌ನ ಲಾಕ್ ಜೊತೆ ಇಟ್ಟು ನೋಡಿದೆ. ಒರಿಜಿನಲ್ ಲಾಕನ್ನು ಎರಡು ಬೆರಳಲ್ಲಿ ಅದುಮಿ ಬಿಟ್ಟರೆ ಟಪ್ಪನೆ ಮೊದಲಿನ ಆಕಾರಕ್ಕೆ ಬರುತ್ತದೆ. ಕಿಟ್‌ನದ್ದು ಬೇಲಿ ತಂತಿ ಥರ, ಅದುಮಿದ ಹಾಗೇ ನಿಲ್ಲುತ್ತದೆ. ಹಾಕುವ ಮುಂಚೆ ಇದೊಂದು ಪರೀಕ್ಷೆ ಮಾಡಿದ್ದರೆ ಸಾಕಿತ್ತು.

ಸುಗ್ಗಿ ನಡುವೆ ಮೆಷಿನ್ ಇಲ್ಲ. ಅಟ್ಟದ ಮೇಲೆ ಎಸೆದಿದ್ದ ಹಳೆ ಸಿಲಿಂಡರ್ ಇಳಿಸಿದೆ. ಅದರಲ್ಲಿ ಕಂಡ ಗೆರೆಗಳನ್ನು ನಾನು ಸವೆತ ಅಂದುಕೊಂಡಿದ್ದೆ. ಉಗುರು ಆಡಿಸಿದರೆ ತಗ್ಗಲ್ಲ, ಉಬ್ಬು! ಪಿಸ್ಟನ್‌ನ ಅಲ್ಯೂಮಿನಿಯಂ ಕರಗಿ ಗೋಡೆಗೆ ಮೆತ್ತಿಕೊಂಡಿತ್ತು. ಕೆಳಗಿನ ಗಟ್ಟಿ ಲೇಪನಕ್ಕೆ ಏನೂ ಆಗಿರಲಿಲ್ಲ. ಅಂಗಳದಲ್ಲಿ ಗಾಳಿಗೆ ಬೆನ್ನು ಹಾಕಿ ಕೂತು, ಗ್ಲೌಸ್ ಹಾಕಿಕೊಂಡು, ಕಡ್ಡಿಗೆ ಹತ್ತಿ ಸುತ್ತಿ, ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಅನ್ನು ಗೆರೆಗಳ ಮೇಲಷ್ಟೇ ಮುಟ್ಟಿಸಿದೆ. ಬುರುಬುರು ನೊರೆ ಬಂತು. ಒರೆಸಿ ಮತ್ತೆ ಮುಟ್ಟಿಸಿದೆ. ನೊರೆ ನಿಂತರೆ ಅಲ್ಯೂಮಿನಿಯಂ ಮುಗಿಯಿತು ಅಂತ. ಪೋರ್ಟ್ (ಸಿಲಿಂಡರ್ ಗೋಡೆಯಲ್ಲಿ ಗಾಳಿ, ಹೊಗೆ ಹೋಗುವ ಕಿಂಡಿ) ಅಂಚಿಗೆ ಮಾತ್ರ ತಾಗಬಾರದು, ಅಲ್ಲಿ ಬರಿಯ ಅಲ್ಯೂಮಿನಿಯಂ ಇರುತ್ತದೆ, ತಿಂದುಬಿಡುತ್ತದೆ. ನೀರಲ್ಲಿ ಚೆನ್ನಾಗಿ ತೊಳೆದು 400 ನಂಬರ್ ಎಮರಿ ಪೇಪರ್‌ನಲ್ಲಿ ಹಗುರವಾಗಿ ಅಡ್ಡಡ್ಡ ಉಜ್ಜಿದೆ. ಹತ್ತು ವರ್ಷದ ಸಿಲಿಂಡರ್ ಮತ್ತೆ ಹೊಳೆಯುವುದನ್ನು ನೋಡಿ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಅದಕ್ಕೆ ಹೊಸ ಪಿಸ್ಟನ್, ರಿಂಗ್ ಮಾತ್ರ ತರಿಸಿದೆ, 480 ರೂಪಾಯಿ. ಬಾಣದ ಗುರುತು ಸೈಲೆನ್ಸರ್ ಕಡೆಗೆ, ರಿಂಗಿನ ಬಾಯಿ ಅದರ ಸಣ್ಣ ಪಿನ್‌ಗೆ ಸರಿಯಾಗಿ. ಲಾಕ್ ಮಾತ್ರ ಕಂಪನಿಯದ್ದೇ. ಗ್ಯಾರೇಜಿನಲ್ಲಿ ಕಂಪ್ರೆಷನ್ ಗೇಜ್ ಹಾಕಿಸಿದರೆ 145 ಪಿಎಸ್ಐ ತೋರಿಸಿತು. ಅಲ್ಲಿಂದ ಇವತ್ತಿನವರೆಗೆ ಪ್ಲಗ್ ಬಿಟ್ಟು ಏನೂ ಬದಲಿಸಿಲ್ಲ.

ಮೊದಲ ಮೂರು ಟ್ಯಾಂಕ್ ಸುಮ್ನೆ ರೇಸ್ ಮಾಡಲಿಲ್ಲ, ದಪ್ಪ ದಿಮ್ಮಿಗೆ ಹಾಕಲಿಲ್ಲ. ಪೆಟ್ರೋಲ್ ಮಿಕ್ಸ್ ಈಗ ನಾನೇ ಮಾಡುತ್ತೇನೆ, ಬೇರೆಯವರಿಗೆ ಬಿಡುವುದಿಲ್ಲ. ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಕೂತು, ಒಂದು ಲೀಟರ್ ಬಾಟಲಿಗೆ 20 ಎಂಎಲ್ ಸಿರಿಂಜ್‌ನಲ್ಲಿ ಎರಡು ಸಲ ಆಯಿಲ್. ಒಟ್ಟು 40 ಎಂಎಲ್, ಅಂದರೆ 25ಕ್ಕೆ 1. ನಾನು ಹಾಕುವ ಮಾಮೂಲಿ ಟೂಟಿ ಆಯಿಲ್‌ಗೆ ಅದೇ ಲೆಕ್ಕ. ಮುಚ್ಚಳ ಹಾಕಿ ಕುಲುಕಿದಾಗ ಬಣ್ಣ ಒಂದೇ ಸಮ ಆಗಬೇಕು. ಸಂಜೆ ಉಳಿದಿದ್ದನ್ನು ಟ್ಯಾಂಕ್‌ನಿಂದ ಸುರಿದು, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುತ್ತೇನೆ. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ, ಅದು ತೇವ ಎಳೆಯುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ದಿನಾ ಕೂಲಿಗೆ ಮರ ಕೊಯ್ಯುವವರಾದರೆ ಒರಿಜಿನಲ್ಲೇ ಹಾಕಿಸಿ, ಒಂದು ದಿನ ಮೆಷಿನ್ ನಿಂತರೆ ಆ ದಿನದ ದುಡಿಮೆ ಹೋಯಿತು. ನನ್ನ ಹಾಗೆ ಮನೆ ಮಟ್ಟಿಗೆ ಇಟ್ಟುಕೊಂಡವರು ಮೊದಲು ಹಳೆ ಸಿಲಿಂಡರ್‌ಗೆ ಉಗುರು ಆಡಿಸಿ ನೋಡಿ. ಉಬ್ಬಾಗಿದ್ದರೆ ಬರೀ ಪಿಸ್ಟನ್ ಸಾಕು. ತಗ್ಗಾಗಿದ್ದರೆ ಕಿಟ್ ತರಿಸಿ, ಅದರೊಳಗಿನ ಲಾಕ್ ಎಸೆಯಿರಿ. ಕಂಪನಿ ಲಾಕ್ ನನಗೆ ಜೋಡಿಗೆ 60 ರೂಪಾಯಿ ಬಿತ್ತು. ಇನ್ನೊಂದು ಜೋಡಿ ತಂದು ಪ್ಲಗ್ ಸ್ಪ್ಯಾನರ್ ಜೊತೆ ಡಬ್ಬದಲ್ಲಿ ಹಾಕಿಟ್ಟಿದ್ದೇನೆ.