ಹಳೇ ಮಾರುತಿಯ ಮೀಟರ್ ಲೈಟು, ಆಟೋ ಕಾಂಪ್ಲೆಕ್ಸಿನ ಭಾಯಿ

ಯಕ್ಷಗಾನದ ಆಟ ನೋಡಿಕೊಂಡು ರಾತ್ರಿ ಎರಡೂವರೆಗೆ ಮನೆಗೆ ಬರುತ್ತಿದ್ದೆವು. ಗಾಡಿ ಎಷ್ಟರಲ್ಲಿ ಹೋಗುತ್ತಿದೆ ಅಂತ ನೋಡಲು ಪಕ್ಕದಲ್ಲಿ ಕೂತಿದ್ದ ಭಾವ ಮೀಟರ್ ಬೋರ್ಡಿಗೆ ಮೊಬೈಲ್ ಟಾರ್ಚ್ ಬಿಟ್ಟ. ಬಿಟ್ಟು, "ಮುಳ್ಳು ಎಲ್ಲೋ ಮಧ್ಯದಲ್ಲಿದ್ದು ಭಾವ" ಅಂದ. ನಲವತ್ತೋ ಅರವತ್ತೋ ಅವನಿಗೂ ಗೊತ್ತಾಗಲಿಲ್ಲ. ಇದನ್ನು ಇನ್ನು ಮುಂದಕ್ಕೆ ತಳ್ಳಬಾರದು ಅಂತ ಅವತ್ತೇ ನಿಶ್ಚಯ ಮಾಡಿದೆ.

ನಂದು 1998ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರು, ನಾಲ್ಕು ಗೇರು. ಸಾಗರದ ಅಡಿಕೆ ಮಂಡಿಯೊಂದರಲ್ಲಿ ರೈಟರ್ ಆಗಿರುವ ನಾನು 2004ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆರ್‌ಸಿ ಮೂರು ಸಲ ರಿನ್ಯೂ ಆಗಿದೆ. 2018ರಲ್ಲಿ 600 ರೂಪಾಯಿ ಇದ್ದ ಫೀಸು 2023ರ ಹೊತ್ತಿಗೆ 5000 ಆಗಿತ್ತು, ಅದನ್ನೂ ಕಟ್ಟಿದೆ. ಮಗ ನಗುತ್ತಾನೆ. ನಗಲಿ.

ಮೀಟರ್ ಬೋರ್ಡಿನ ಬೆಳಕು ಒಂದೇ ದಿನಕ್ಕೆ ಹೋದದ್ದಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಮಂಕಾಗುತ್ತ ಬಂದದ್ದರಿಂದ ನನಗೆ ಅನುಮಾನ ಬಂದದ್ದು ನನ್ನ ಕಣ್ಣಿನ ಮೇಲೆ. ಪೊರೆ ಬಂದಿರಬೇಕು ಅಂತ ಕಣ್ಣು ಡಾಕ್ಟರ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡಿ, ಕಣ್ಣು ಸರಿಯಿದೆ, ಕನ್ನಡಕದ ಗಾಜು ಒರೆಸಿಕೊಳ್ಳಿ ಅಂದರು.

ಆಮೇಲೆ ಮಾಡಿದ ತಪ್ಪು ಎಲ್‌ಇಡಿ. ಆನ್‌ಲೈನಿನಲ್ಲಿ ಹತ್ತರ ಪ್ಯಾಕೆಟ್ ತರಿಸಿ, ನಮ್ಮ ಬೀದಿಯ ಹುಡುಗನೊಬ್ಬನ ಹತ್ತಿರ ಹಾಕಿಸಿದೆ. ಎರಡು ಹತ್ತಲಿಲ್ಲ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ನೋಡಿ ಹಾಕಬೇಕು, ಮಾಮೂಲಿ ಬಲ್ಬಿನ ಹಾಗೆ ಹೇಗೆ ಬೇಕಾದರೂ ತುರುಕಿದರೆ ಆಗುವುದಿಲ್ಲ. ತಿರುಗಿಸಿ ಹಾಕಿದ ಮೇಲೆ ಎಲ್ಲವೂ ಹತ್ತಿದವು. ಆದರೆ ಬೆಳಕು ಡಯಲ್ ತುಂಬ ಹರಡದೆ ಇಪ್ಪತ್ತರ ಹತ್ತಿರ ಒಂದು ಬಿಳಿ ಚುಕ್ಕೆ, ನೂರರ ಹತ್ತಿರ ಇನ್ನೊಂದು, ನಡುವೆ ಕತ್ತಲೆ. ಕೆಂಪು ಮುಳ್ಳು ಆ ನೀಲಿ ಮಿಶ್ರಿತ ಬೆಳಕಿನಲ್ಲಿ ಹೆಚ್ಚುಕಡಿಮೆ ಕಪ್ಪಗೆ ಕಾಣುತ್ತಿತ್ತು. ಅದರ ಜೊತೆಗೆ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ, ಒಮ್ಮೆ ಜೋರಾಗಿ ರೇಸ್ ಕೊಡುವವರೆಗೆ ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

ಒಂದು ಆಕ್ಸೆಸರೀಸ್ ಅಂಗಡಿಯಲ್ಲಿ ಕೇಳಿದೆ. ಏಸಿ, ಗಾಜಿನ ಬಾಗಿಲು, ಕುಡಿಯಲು ನೀರಿನ ಬಾಟಲಿ. ಮೀಟರ್ ಪೂರ್ತಿ ಬದಲಾಯಿಸಿ ಬಿಡಿ ಸಾರ್, ಹಳೇದು ಒಂದು ಸಿಗುತ್ತೆ, ಮೂರೂವರೆ ಸಾವಿರ ಅಂದರು. ಬೇರೆ ಗಾಡಿಯ ಮೀಟರ್ ಕೂರಿಸಿದರೆ ನನ್ನ ಗಾಡಿ ಓಡಿದ ಕಿಲೋಮೀಟರ್ ಲೆಕ್ಕ ಏನಾಗಬೇಕು? ಲೆಕ್ಕ ಬರೆದೇ ಹೊಟ್ಟೆ ಹೊರೆಯುವವನಿಗೆ ಅದು ಒಪ್ಪಿಗೆಯಾಗಲಿಲ್ಲ. ನೀರು ಕುಡಿದು ಎದ್ದು ಬಂದೆ.

ಕೊನೆಗೆ ಮಂಡಿಗೆ ಬರುವ ಲಾರಿ ಡ್ರೈವರೊಬ್ಬರು ಶಿವಮೊಗ್ಗದ ಭಾಯಿ ಹತ್ತಿರ ಕಳಿಸಿದರು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಒಳಗೆ, ಬ್ಯಾಟರಿ ಅಂಗಡಿಯೊಂದರ ಪಕ್ಕದ ಶೆಡ್ಡು. ಬೋರ್ಡ್ ಇಲ್ಲ. ಹೆಸರು ಕೇಳಬೇಡಿ, "ವೈರಿಂಗ್ ಭಾಯಿ" ಅಂದರೆ ಯಾರಾದರೂ ಕೈ ತೋರಿಸುತ್ತಾರೆ. ಅರವತ್ತು ದಾಟಿದ ವಯಸ್ಸು, ಮೂಗಿನ ತುದಿಗೆ ಕನ್ನಡಕ, ಒಬ್ಬ ಹುಡುಗ ಸಹಾಯಕ್ಕೆ.

ನಾನು ಬಲ್ಬ್ ಬದಲಾಯಿಸಬೇಕು ಅಂದೆ. ಅವರು ಬಲ್ಬಿನ ಮಾತೇ ಎತ್ತಲಿಲ್ಲ. ಗಾಡಿ ಸ್ಟಾರ್ಟಿನಲ್ಲಿಡಿಸಿ, ಪಾರ್ಕ್ ಲೈಟು ಹಾಕಿಸಿ, ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿದರು: 13.8 ವೋಲ್ಟ್. ಆಮೇಲೆ ಮೀಟರ್ ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಹುಡ್ ಬಿಚ್ಚಿ, ಬೋರ್ಡಿನ ಹಿಂದೆ ಕೈ ಹಾಕಿ ಸ್ಪೀಡೋಮೀಟರ್ ಕೇಬಲ್ ಕಳಚಿ, ಮೀಟರನ್ನು ಮುಂದಕ್ಕೆ ಎಳೆದು ಬಲ್ಬಿನ ಜಾಗದಲ್ಲಿ ವೋಲ್ಟ್ ಮೀಟರ್ ಹಿಡಿದರು: 11.4.

"ನೋಡಿ ಸಾರ್, 2.4 ವೋಲ್ಟು ದಾರಿಯಲ್ಲೇ ಖರ್ಚು. ತೋಟದ ಕೊನೇ ಸಾಲಿಗೆ ಸ್ಪ್ರಿಂಕ್ಲರ್ ನೀರು ಹಾರೋದಿಲ್ಲ ಅಲ್ವಾ, ಹಾಗೆ."

ನಾನು ಅಡಿಕೆಯವನು ಅಂತ ಅವರಿಗೆ ಹೇಗೆ ಗೊತ್ತಾಯಿತೋ! ಹಿಂದಿನ ಸೀಟಿನಲ್ಲಿ ಗೋಣಿಚೀಲ ಕಂಡಿರಬೇಕು.

ಆಮೇಲೆ ಮನೆಗೆ ಬಂದು ಮಗನನ್ನು ಕೇಳಿದಾಗ ಅವನು ಹೇಳಿದ್ದು ಇಷ್ಟು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸಮಕ್ಕೆ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಬೀಳುತ್ತದೆ. ಹತ್ತು ಪರ್ಸೆಂಟ್ ವೋಲ್ಟೇಜ್ ಕಮ್ಮಿಯಾದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಹೋಗುತ್ತದೆ. 13.8 ಇರಬೇಕಾದಲ್ಲಿ 11.4 ಇದ್ದರೆ ಬೆಳಕು ಹೆಚ್ಚುಕಡಿಮೆ ಅರ್ಧ. ಹೊಸ ಬಲ್ಬ್ ಎಷ್ಟು ಹಾಕಿದ್ದರೂ ಆ ಅರ್ಧ ವಾಪಸು ಬರುತ್ತಿರಲಿಲ್ಲ.

ಶೆಡ್ಡಿನಲ್ಲಿ ಭಾಯಿಗೆ ಸಿಕ್ಕಿದ, ವೋಲ್ಟು ಖರ್ಚಾಗುತ್ತಿದ್ದ ಜಾಗ ಎರಡು. ಫ್ಯೂಸ್ ಕೂರುವ ಕ್ಲಿಪ್ಪು ಹಸಿರು ಹಿಡಿದಿತ್ತು, ಮಲೆನಾಡಿನ ಮಳೆಗಾಲದ ಕಾಣಿಕೆ. ಇನ್ನೊಂದು, ಡ್ಯಾಶ್‌ಬೋರ್ಡಿನ ಹಿಂದೆ ಗಾಡಿಯ ಕಬ್ಬಿಣದ ಮೈಗೆ ಬಿಗಿದ ಅರ್ಥಿಂಗ್ ವೈರು. ಸ್ಕ್ರೂ ಬಿಗಿಯಾಗಿಯೇ ಇತ್ತು, ಕೆಳಗೆ ತುಕ್ಕು. ಎರಡನ್ನೂ ಉಜ್ಜಿ, ಅರ್ಥಿಂಗ್ ವೈರಿನ ತುದಿಗೆ ಹೊಸ ಲೋಹದ ಬಳೆ (ಲಗ್) ಹಾಕಿ ಬಿಗಿದರು. ಮತ್ತೆ ಹಿಡಿದಾಗ 13.5.

ಅಷ್ಟಕ್ಕೇ ಬಿಡುತ್ತಾರೆ ಅಂದುಕೊಂಡೆ. ಬಿಡಲಿಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ, ಮೀಟರನ್ನು ಮೇಜಿನ ಮೇಲೆ ಹಾಸಿದ ಬನಿಯನ್ ಬಟ್ಟೆಯ ಮೇಲೆ ಕವಚಿದರು. ಹಿಂದುಗಡೆ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳು, ಅದೇ ಅದರ ವೈರಿಂಗು. ಬಲ್ಬಿನ ಹೋಲ್ಡರ್ ತಿರುಗಿಸಿ ಕೂರುವ ಜಾಗದಲ್ಲಿ ತಾಮ್ರ ಕಪ್ಪಾಗಿತ್ತು. ಶಾಲೆ ಮಕ್ಕಳ ಪೆನ್ಸಿಲ್ ರಬ್ಬರ್ ತೆಗೆದು ಹಗುರಕ್ಕೆ ಉಜ್ಜಿದರು. ಮರಳು ಕಾಗದ ಹಾಕಿದರೆ ಗೆರೆಯೇ ಎದ್ದು ಹೋಗುತ್ತದಂತೆ. ಹೋಲ್ಡರಿನ ಹಿತ್ತಾಳೆ ಕಾಲುಗಳು ಬಿಸಿ ತಿಂದು ತಿಂದು ಸೋತು ಮಲಗಿದ್ದವು, ಚಿಮಟದಲ್ಲಿ ಒಂದೊಂದನ್ನೇ ಕೂದಲೆಳೆಯಷ್ಟು ಮೇಲೆತ್ತಿದರು. ಬೆಳಕು ತಿರುಗಿಸಲು ಒಳಗೆ ಬಿಳಿ ಪ್ಲಾಸ್ಟಿಕ್ ಗೋಡೆ ಇರುತ್ತದೆ; ನಮ್ಮದು ಬೀಡಿ ಸೇದುವವರ ಹಲ್ಲಿನ ಬಣ್ಣಕ್ಕೆ ಬಂದಿತ್ತು. ಅದನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ, ಸಣ್ಣ ಬ್ರಷ್ಷಿನಲ್ಲಿ ಬಿಳಿ ಪೇಂಟ್ ಕೊಟ್ಟು, ಒಣಗಲು ಒಂದು ಗಂಟೆ ಬಿಟ್ಟರು. ಮುಳ್ಳಿನ ಹತ್ತಿರ ಮಾತ್ರ ಹುಡುಗನ ಕೈ ಹೋಗಲು ಬಿಡಲಿಲ್ಲ.

ಎಲ್‌ಇಡಿಗಳನ್ನೆಲ್ಲ ಕಿತ್ತು ನನ್ನ ಅಂಗೈಗೆ ಹಾಕಿದರು. ಬ್ಯಾಟರಿ ಗುರುತಿನ ಕೆಂಪು ದೀಪದ ಜಾಗದಲ್ಲೂ ಎಲ್‌ಇಡಿ ಇತ್ತು. ಅದನ್ನು ಕಂಡು ತಲೆ ಚಚ್ಚಿಕೊಂಡರು. ಹಳೇ ಗಾಡಿಯಲ್ಲಿ ಆ ಬಲ್ಬು ಬರೀ ಸೂಚನೆಗಲ್ಲ, ಅದರ ಮೂಲಕ ಹೋಗುವ ಚೂರು ಕರೆಂಟಿನಿಂದಲೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಚ್ಚರಾಗುವುದು. ಎಲ್‌ಇಡಿ ಅಷ್ಟು ಕರೆಂಟು ಬಿಡುವುದಿಲ್ಲ. ನನ್ನ ಬೆಳಗಿನ ಚಾರ್ಜಿಂಗ್ ತೊಂದರೆ ಅಲ್ಲಿ ಮುಗಿಯಿತು. ನೀವು ಎಲ್‌ಇಡಿ ಹಾಕಿಸುವವರಾದರೆ ಈ ಒಂದನ್ನು ಮುಟ್ಟಿಸಬೇಡಿ.

ಹೊಸದಾಗಿ ಹಾಕಿದ್ದು ಬುಡಕ್ಕೆ ಲೋಹದ ಟೋಪಿ ಇಲ್ಲದ ಮಾಮೂಲಿ ಕ್ಯಾಪ್‌ಲೆಸ್ ಬಲ್ಬು, 3.4 ವ್ಯಾಟಿನದು. ತೆಗೆದಿಟ್ಟುಕೊಂಡಿದ್ದ ನನ್ನ ಹಳೇ ಬಲ್ಬುಗಳ ಗಾಜು ಒಳಗಿಂದ ಕಪ್ಪಾಗಿತ್ತು. ಉರಿದ ತಂತಿಯ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿದ್ದು, ಲಾಂದ್ರದ ಚಿಮಣಿಗೆ ಮಸಿ ಹಿಡಿದ ಹಾಗೆ. ಬಂದದ್ದೇ ಬಂದೆ, ಐದು ವ್ಯಾಟ್ ಹಾಕಿ ಭಾಯಿ, ಜೋರಾಗಿ ಹತ್ತಲಿ ಅಂದೆ. ಹಾಕಲಿಲ್ಲ. ಬಿಸಿಗೆ ಹೋಲ್ಡರ್ ಕರಗುತ್ತದೆ ಅಂದರು. ಆಮೇಲೆ, "ಮುಂದೆ ರೋಡ್ ಕಾಣಬೇಕೋ ಮೀಟರ್ ಕಾಣಬೇಕೋ?" ಅಂದರು.

ಅವತ್ತು ಸಂಜೆ ಏಳಕ್ಕೆ ಹೊರಟು, ಎಪ್ಪತ್ತು ಕಿಲೋಮೀಟರ್ ಕತ್ತಲಲ್ಲಿ ಬಂದಾಗ ಆ ಮಾತು ಅರ್ಥವಾಯಿತು. ಹದವಾದ ಹಳದಿ ಬೆಳಕು. ಅಂಕೆಗಳು ಸ್ಪಷ್ಟ, ಮುಳ್ಳು ಕೆಂಪಗೆ. ಗಾಜಿನ ಮೇಲೆ ಪ್ರತಿಫಲನ ಇಲ್ಲ. ಎಲ್‌ಇಡಿ ಇದ್ದಾಗ ರಸ್ತೆ ಅಂಚಿನ ದನ ತಡವಾಗಿ ಕಾಣುತ್ತಿತ್ತು, ಯಾಕೆಂದರೆ ಕಣ್ಣು ಆ ಬಿಳಿ ಚುಕ್ಕೆಗಳಿಗೆ ಒಗ್ಗಿ ಹೊರಗಿನ ಕತ್ತಲಿಗೆ ಕುರುಡಾಗುತ್ತಿತ್ತು. ಪೆಟ್ರೋಲ್ ಮುಳ್ಳು ನಾನು ಅಂದುಕೊಂಡದ್ದಕ್ಕಿಂತ ಕೆಳಗಿತ್ತು, ಆನಂದಪುರದಲ್ಲಿ ನಿಲ್ಲಿಸಿ ಹಾಕಿಸಿದೆ.

ಖರ್ಚು: ಬಲ್ಬುಗಳಿಗೆ 90, ಕೂಲಿ 450, ಒಟ್ಟು 540 ರೂಪಾಯಿ. ಮೂರೂವರೆ ಸಾವಿರದ ಮಾತು ನೆನಪಾಗಿ ಇನ್ನು ಐವತ್ತು ಕೊಡಲು ಹೋದೆ, ಹುಡುಗನಿಗೆ ಕೊಡಿ ಅಂದರು.

ದೂರುಗಳೂ ಇವೆ. ಬೆಳಗ್ಗೆ ಹತ್ತಕ್ಕೆ ಹೋದವನು ಸಂಜೆಯವರೆಗೆ ಅಲ್ಲೇ. ಕೂರಲು ಇರುವುದು ಒಂದು ಹಳೇ ಟಯರು. ಮಧ್ಯೆ ಮಧ್ಯೆ ಲಾರಿ ಬಂದರೆ ನಿಮ್ಮ ಕೆಲಸ ಬಿಟ್ಟು ಏಳುತ್ತಾರೆ. ಫೋನ್ ಎತ್ತುವುದಿಲ್ಲ. ಬಿಲ್ ಕೊಡುವುದಿಲ್ಲ. ಹುಡ್ ಕೂರಿಸುವಾಗ ಹುಡುಗ ಒಂದು ಕ್ಲಿಪ್ ಮುರಿದ, ಇಪ್ಪತ್ತೈದು ವರ್ಷದ ಪ್ಲಾಸ್ಟಿಕ್ಕು, ಮುರಿಯುವುದೇ. ಆದರೆ ಮುರಿದಿದೆ ಅಂತ ಹೇಳದೆ ಸುಮ್ಮನೆ ಒತ್ತಿ ಕಳಿಸಿದ್ದು ನನಗೆ ಹಿಡಿಸಲಿಲ್ಲ. ಈಗ ಮೂರನೇ ಗೇರಿನಲ್ಲಿ ಕಿಟಿಕಿಟಿ ಅನ್ನುತ್ತದೆ, ಸಂದಿಗೆ ರಟ್ಟಿನ ಚೂರು ಸಿಕ್ಕಿಸಿದ್ದೇನೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದು ಕ್ಲಿಪ್ಪಿನದು.

ನಿಮ್ಮ ಗಾಡಿಯಲ್ಲಿ ಮೀಟರ್ ಬೆಳಕು ಹೆಚ್ಚುಕಮ್ಮಿ ಮಾಡುವ ಪುಟ್ಟ ಚಕ್ರ ಇದ್ದರೆ, ಶಿವಮೊಗ್ಗಕ್ಕೆ ಹೊರಡುವ ಮೊದಲು ಅದನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ ನೋಡಿ. ಪಕ್ಕದ ಮನೆಯವರ ಕಾರಿಗೆ ಅಷ್ಟರಲ್ಲೇ ಸರಿಹೋಯಿತು, ಮೊಮ್ಮಗ ತಿರುಗಿಸಿಟ್ಟಿದ್ದನಂತೆ.

ಶುಕ್ರವಾರ ಮಧ್ಯಾಹ್ನ ಶೆಡ್ಡು ಬಾಗಿಲು ಹಾಕಿರುತ್ತದೆ. ಮಳೆ ಹಿಡಿಯುವ ಮೊದಲು ನಾನು ಇನ್ನೊಮ್ಮೆ ಹೋಗಬೇಕು, ವೈಪರ್ ಮೋಟರು ಈಚೆಗೆ ಅರ್ಧಕ್ಕೆ ನಿಂತು ಯೋಚನೆ ಮಾಡುತ್ತಿದೆ. ಈ ಸಲ ಕೂರಲು ಮನೆಯಿಂದಲೇ ಒಂದು ಮಡಚುವ ಕುರ್ಚಿ ಒಯ್ಯುತ್ತೇನೆ.