ಬ್ಲೂಬರ್ಡ್ ಗೂಡುಪೆಟ್ಟಿಗೆ: ಪೆಟ್ಟಿಗೆ ಚೆನ್ನಾಗಿದೆ, ಕಂಬ ಬೇಡ

ಅಮೆರಿಕದ ಒಹಾಯೋದಲ್ಲಿ ನಮ್ಮ ಮನೆ ಹತ್ತಿರದ ಗಾಲ್ಫ್ ಕೋರ್ಸ್‌ನಲ್ಲಿ ಈಸ್ಟರ್ನ್ ಬ್ಲೂಬರ್ಡ್ ಎಂಬ ಪುಟ್ಟ ನೀಲಿ ಹಕ್ಕಿಗಳಿಗಾಗಿ ನಾವು ಕೆಲವರು ಸೇರಿ ಈ ಸೀಡರ್ ಮರದ ಪೆಟ್ಟಿಗೆಗಳನ್ನು ಹಾಕಿಸಿದೆವು. ಮರ ದಪ್ಪಗಿದೆ, ಗಾಳಿಯಾಡಲು ಮೇಲೆ ಸಂದು, ನೀರು ಇಳಿಯಲು ಕೆಳಗೆ ತೂತು ಎಲ್ಲ ಇದೆ. ಹಕ್ಕಿ ಒಳಹೋಗುವ ತೂತು ಸರಿಯಾಗಿ ಒಂದೂವರೆ ಇಂಚು. ಅದಕ್ಕಿಂತ ದೊಡ್ಡದಾದರೆ ಗೂಡು ಕಬಳಿಸುವ ಸ್ಟಾರ್ಲಿಂಗ್ ಹಕ್ಕಿ ನುಗ್ಗುತ್ತದೆ.

ಗುಬ್ಬಚ್ಚಿ ಮಾತ್ರ ಇದರಲ್ಲೂ ತೂರುತ್ತದೆ. ಬೆಂಗಳೂರಲ್ಲಿ ಕಾಣೆಯಾಯಿತು ಅಂತ ನಾವು ಮರುಗುತ್ತೇವಲ್ಲ, ಅದೇ ಗುಬ್ಬಚ್ಚಿ, ಇಲ್ಲಿ ಬ್ಲೂಬರ್ಡ್ ಮೊಟ್ಟೆ ಒಡೆದು, ಕಾವು ಕೂತ ಹಕ್ಕಿಯನ್ನೇ ಕುಕ್ಕಿ ಕೊಲ್ಲುತ್ತದೆ. ಹಾಗಾಗಿ ವಾರಕ್ಕೊಮ್ಮೆ ತೆರೆದು ನೋಡಲೇಬೇಕು. ಪಕ್ಕದ ಬಾಗಿಲು ಒಂದೇ ಸ್ಕ್ರೂ ತಿರುಗಿಸಿದರೆ ತೆರೆಯುತ್ತದೆ, ನನಗೆ ಜಾಸ್ತಿ ಇಷ್ಟವಾಗಿದ್ದೇ ಇದು. ಮರಿಗಳಿಗೆ 12–13 ದಿನ ಆದ ಮೇಲೆ ತೆರೆಯಬೇಡಿ, ರೆಕ್ಕೆ ಬಲಿಯುವ ಮುಂಚೆಯೇ ಹೊರಗೆ ಜಿಗಿದುಬಿಡುತ್ತವೆ.

ಬೇಸರವಾಗಿದ್ದು ಕಂಬದ ವಿಷಯ. ಜೊತೆಗೆ ಬಂದ ಕಂಬ ಗಾಳಿಗೆ ವಾಲಿತು. ಪ್ರಾಣಿಗಳು ಕಂಬ ಹತ್ತದಂತೆ ತಡೆಯುವ ಅಡ್ಡಿ, ಅಂದರೆ ಬ್ಯಾಫಲ್, ಕೊಟ್ಟೇ ಇಲ್ಲ! ಅದಿಲ್ಲದಿದ್ದರೆ ರಕೂನ್ (ಮರ ಹತ್ತುವ ಇಲ್ಲಿನ ಕಾಡುಪ್ರಾಣಿ), ಹಾವು ಸಲೀಸಾಗಿ ಹತ್ತಿ ಮರಿಗಳನ್ನು ತಿನ್ನುತ್ತವೆ, ಇಷ್ಟು ದುಡ್ಡು ತಗೊಂಡು ಇದನ್ನೇ ಬಿಟ್ಟರೆ ಹೇಗೆ?

ಗಾಲ್ಫ್ ಕೋರ್ಸ್‌ನ ಗಿಡ್ಡ ಹುಲ್ಲು, ಅಲ್ಲಲ್ಲಿ ಮರ, ನೆಲದ ಹುಳ ಹಿಡಿಯುವ ಈ ಹಕ್ಕಿಗೆ ಹೇಳಿ ಮಾಡಿಸಿದ ಜಾಗ. ಚೆಂಡು ಬೀಳದ ಅಂಚಿನಲ್ಲಿ, ಒಂದಕ್ಕೊಂದು ಸುಮಾರು 100 ಗಜ ದೂರದಲ್ಲಿ ನೆಡಿ. ಸುತ್ತ ಕೀಟನಾಶಕ ಹೊಡೆಯದಂತೆ ಮೈದಾನ ನೋಡಿಕೊಳ್ಳುವವರ ಹತ್ತಿರ ಮೊದಲೇ ಮಾತಾಡಿ. ಪೆಟ್ಟಿಗೆ ಧೈರ್ಯವಾಗಿ ಕೊಳ್ಳಿ, ಗಟ್ಟಿ ಲೋಹದ ಕಂಬ ಮತ್ತು ಬ್ಯಾಫಲ್ ಬೇರೆ ತಗೊಂಡು ಮಾರ್ಚ್‌ಗೆ ಮುಂಚೆ ನಿಲ್ಲಿಸಿಬಿಡಿ.